ಇಂಪ್ಲ್ ಕ್ಲಾಸುಗಳನ್ನು ಕಿತ್ತುಹಾಕಿದ್ದು

ನಾನು ನೋಡಿಕೊಳ್ಳುವುದು ಬೆಂಗಳೂರಿನ ಕಲ್ಯಾಣ ಮಂಟಪಗಳ ಬುಕಿಂಗ್ ಸಾಫ್ಟ್‌ವೇರ್, ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು. ಹಿಂದೆ ಇದ್ದವರು ಪ್ರತಿ ಸರ್ವಿಸ್‌ಗೂ ಜೋಡಿ ಫೈಲ್ ಮಾಡಿಟ್ಟಿದ್ದರು: ಬುಕಿಂಗ್‌ಸರ್ವಿಸ್ ಅಂತ ಒಂದು ಇಂಟರ್‌ಫೇಸ್ (ಯಾವ ಮೆಥಡ್‌ಗಳಿವೆ ಅನ್ನುವ ಪಟ್ಟಿ), ಬುಕಿಂಗ್‌ಸರ್ವಿಸ್‌ಇಂಪ್ಲ್ ಅಂತ ಆ ಕೆಲಸ ನಿಜಕ್ಕೂ ಮಾಡುವ ಒಂದು ಕ್ಲಾಸ್. ಹೊಸದಾಗಿ ಸೇರಿದ ಹುಡುಗಿ, "ಸರ್, ಇದರ ಇನ್ನೊಂದು ಇಂಪ್ಲಿಮೆಂಟೇಷನ್ ಎಲ್ಲಿದೆ?" ಅಂತ ಕೇಳಿದಳು. ಎಲ್ಲೂ ಇರಲಿಲ್ಲ.

ಒಂದು ಕಾಲಕ್ಕೆ ಇದಕ್ಕೆ ಕಾರಣವಿತ್ತು. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಡೇಟಾಬೇಸ್ ಕೆಲಸ) ನಡೆಸಲು ಸ್ಪ್ರಿಂಗ್ ನಮ್ಮ ಕ್ಲಾಸಿನ ಮುಂದೆ ಪ್ರಾಕ್ಸಿ, ಅಂದರೆ ಹೊರಗಿನ ಕರೆಗಳನ್ನು ಮೊದಲು ತಾನು ಹಿಡಿಯುವ ಬದಲಿ ಆಬ್ಜೆಕ್ಟ್, ನಿಲ್ಲಿಸುತ್ತದೆ. ಜಾವಾದ ಸ್ವಂತ ಡೈನಮಿಕ್ ಪ್ರಾಕ್ಸಿಗೆ ಇಂಟರ್‌ಫೇಸ್ ಬೇಕೇ ಬೇಕು. ಪ್ರಾಕ್ಸಿ ಮಾಡುವ ಇನ್ನೊಂದು ಲೈಬ್ರರಿ ಸಿಜಿಲಿಬ್‌ಗೆ ಬೇಡ, ಅದು ಕ್ಲಾಸನ್ನೇ ಎಕ್ಸ್‌ಟೆಂಡ್ ಮಾಡುತ್ತದೆ. 2018ರ ಸ್ಪ್ರಿಂಗ್ ಬೂಟ್ 2.0ರಿಂದ ಸಿಜಿಲಿಬ್ಬೇ ಡೀಫಾಲ್ಟ್. ಟೆಸ್ಟ್‌ಗೆ ಇಂಟರ್‌ಫೇಸ್ ಬೇಕಲ್ಲ ಅನ್ನುವವರಿಗೆ: ಟೆಸ್ಟ್ ಲೈಬ್ರರಿ ಮಾಕಿಟೊ ಕ್ಲಾಸನ್ನೂ ಮಾಕ್ ಮಾಡುತ್ತದೆ (ಅಂದರೆ ಟೆಸ್ಟ್‌ಗೆ ಅದರ ನಕಲಿ ಮಾಡಿಕೊಡುತ್ತದೆ), 5ನೇ ಆವೃತ್ತಿಯಿಂದ ಎಕ್ಸ್‌ಟೆಂಡ್ ಮಾಡಲಾಗದ ಫೈನಲ್ ಕ್ಲಾಸನ್ನೂ.

ಹಾಗಾಗಿ ಒಂದು ಸರ್ವಿಸ್‌ಗೆ ಒಂದು ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಕೋರಿಕೆ) ಅಂತ ಈ ಜೋಡಿಗಳನ್ನು ತೆಗೆಯುತ್ತಾ ಹೋದೆ. ಪೇಮೆಂಟ್‌ನದು ಮಾತ್ರ ಮುಟ್ಟಲಿಲ್ಲ. ಅಲ್ಲಿ ಯುಪಿಐ, ಕಾರ್ಡ್ ಎರಡೂ ನಿಜಕ್ಕೂ ಬೇರೆ ಬೇರೆ ಕ್ಲಾಸು.

ಒಂದು ಕ್ಲಾಸಿಗೆ ಬೇಕಾದ ಇತರ ಕ್ಲಾಸುಗಳನ್ನು ಸ್ಪ್ರಿಂಗ್ ನೇರ ಫೀಲ್ಡ್‌ಗೆ ತುಂಬುವ ಫೀಲ್ಡ್ ಇಂಜೆಕ್ಷನ್ ಬಿಟ್ಟು, ಕನ್‌ಸ್ಟ್ರಕ್ಟರ್ ಮೂಲಕ ಪಡೆಯುವುದಕ್ಕೆ ಬಂದಾಗ ಅಸಲಿ ಗಂಟು ಕಾಣಿಸಿತು. ಬುಕಿಂಗ್‌ಗೆ ರಸೀದಿ ಸರ್ವಿಸ್ ಬೇಕು, ರಸೀದಿಗೆ ಬುಕಿಂಗ್ ಬೇಕು. ಬೂಟ್ 2.6ರಿಂದ ಇಂಥ ಸುತ್ತು ಡೀಫಾಲ್ಟ್ ಆಗಿ ನಿಷಿದ್ಧ, ಆದರೆ ಯಾರೋ ಲೇಜಿ ಅನೊಟೇಷನ್ (ಬೇಕಾದಾಗಷ್ಟೇ ಆಬ್ಜೆಕ್ಟ್ ತಾ ಅನ್ನುವ ಗುರುತು) ಅಂಟಿಸಿ ಬಾಯಿ ಮುಚ್ಚಿಸಿದ್ದರು. ಬಗೆದು ನೋಡಿದರೆ ರಸೀದಿಗೆ ಬೇಕಿದ್ದದ್ದು ಮಂಟಪದ ಹೆಸರು, ಮುಹೂರ್ತದ ದಿನಾಂಕ, ಅಷ್ಟೇ. ಎರಡನ್ನೂ ಮೆಥಡ್‌ಗೆ ಪ್ಯಾರಾಮೀಟರ್ ಆಗಿ ಕೊಟ್ಟೆ, ಸುತ್ತು ಬಿಟ್ಟಿತು. ಇಷ್ಟಕ್ಕೆ ಅಷ್ಟೊಂದು ಸರ್ಕಸ್ಸೇ!

ಸಿಕ್ಕಿದ್ದನ್ನೆಲ್ಲ ಒಂದೇ ಕ್ಲಾಸಿಗೆ ತುರುಕುವುದೂ ಸರಿಯಲ್ಲ. ನಮ್ಮಲ್ಲಿ ಆಡಿಟ್ ಬರೆಯುವ ಮೆಥಡ್‌ಗೆ ರಿಕ್ವೈರ್ಸ್ ನ್ಯೂ, ಅಂದರೆ ಬೇರೆಯದೇ ಹೊಸ ಟ್ರಾನ್ಸಾಕ್ಷನ್ ಬೇಕು ಅನ್ನುವ ಸೂಚನೆ, ಇದೆ: ಬುಕಿಂಗ್ ವಿಫಲವಾದರೂ, ಯಾರು ಪ್ರಯತ್ನಿಸಿದರು ಅನ್ನುವ ದಾಖಲೆ ಉಳಿಯಬೇಕು. ಚಿಕ್ಕದು, ಬುಕಿಂಗ್ ಕ್ಲಾಸಿಗೇ ಸೇರಿಸೋಣ ಅಂದರು ಸಹೋದ್ಯೋಗಿಯೊಬ್ಬರು. ಬೇಡ ಅಂದೆ. ಅದೇ ಕ್ಲಾಸಿನ ಒಳಗಿಂದ ಕರೆದರೆ ಕರೆ ಪ್ರಾಕ್ಸಿಯನ್ನು ದಾಟುವುದೇ ಇಲ್ಲ, ಹೊಸ ಟ್ರಾನ್ಸಾಕ್ಷನ್ ಹುಟ್ಟುವುದಿಲ್ಲ. ಬುಕಿಂಗ್ ರೋಲ್‌ಬ್ಯಾಕ್ (ಮಾಡಿದ್ದೆಲ್ಲ ರದ್ದು) ಆದರೆ ಆಡಿಟ್ ಸಾಲೂ ಅದರ ಜೊತೆ ಹೋಗುತ್ತದೆ, ಎರರ್ ಕೂಡ ಬರದೆ. ಆಡಿಟ್ ಈಗಲೂ ಬೇರೆ ಕ್ಲಾಸು.

ಎಸ್ಸೆಮ್ಮೆಸ್ ಕಳಿಸುವುದನ್ನು ಟ್ರಾನ್ಸಾಕ್ಷನ್‌ನ ಘಟನೆಗೆ ಕಾದು ಓಡುವ ಟ್ರಾನ್ಸಾಕ್ಷನಲ್ ಈವೆಂಟ್ ಲಿಸನರ್‌ಗೆ ಬಿಟ್ಟೆ. ಅದು ಡೀಫಾಲ್ಟ್ ಆಗಿ ಕಮಿಟ್ ಆದಮೇಲೇ (ಟ್ರಾನ್ಸಾಕ್ಷನ್ ಖಾಯಂ ಆದಮೇಲೇ) ಓಡುವುದರಿಂದ, ರೋಲ್‌ಬ್ಯಾಕ್ ಆದ ಬುಕಿಂಗ್‌ಗೆ 'ಮಂಟಪ ಖಾತ್ರಿ' ಅಂತ ಮೆಸೇಜ್ ಹೋಗುವ ಭಯವಿಲ್ಲ. ಆ ಲಿಸನರ್‌ನಲ್ಲೇ ಡೇಟಾಬೇಸ್‌ಗೆ ಏನಾದರೂ ಬರೆಯುವುದಿದ್ದರೆ ಅಲ್ಲೂ ರಿಕ್ವೈರ್ಸ್ ನ್ಯೂ ಹಾಕಿ. ಹಳೆಯ ಟ್ರಾನ್ಸಾಕ್ಷನ್ ಅಷ್ಟರಲ್ಲಿ ಮುಗಿದಿರುತ್ತದೆ, ಹಾಕದಿದ್ದರೆ ನೀವು ಬರೆದದ್ದು ಉಳಿಯುವುದಿಲ್ಲ.