ಸ್ಟ್ರೆಪ್ಟೊಕಾಕಸ್ ಲಸಿಕೆ: ಪ್ರತಿಕಾಯ ಹುಟ್ಟಿದ ಮೇಲೆ ಉಳಿಯುವ ಕೆಲಸ

ಗಂಟಲು ಬೇನೆ ತರುವ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ವಿರುದ್ಧ ಲಸಿಕೆ ರೂಪಿಸಲು ಹೊರಟವರು ಆ ಬ್ಯಾಕ್ಟೀರಿಯಾದ ಮೈಮೇಲಿನ ಎಂ ಪ್ರೋಟೀನನ್ನು ತಪ್ಪಿಸಿಕೊಂಡು ಹೋಗುವುದು ಕಷ್ಟ. ಅದರ ಹೊರತುದಿಯ ವಿರುದ್ಧ ಹುಟ್ಟುವ ಪ್ರತಿಕಾಯಗಳು ಒಳ್ಳೆಯ ರಕ್ಷಣೆ ಕೊಡುತ್ತವೆ. ಆದರೆ ಆ ತುದಿಯಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಮೇಲಾಗಿ ಈ ಪ್ರೋಟೀನಿನ ಕೆಲವು ಭಾಗಗಳು ನಮ್ಮ ಹೃದಯದ ಸ್ನಾಯುವಿನ ಪ್ರೋಟೀನಾದ ಮಯೋಸಿನ್ ಅನ್ನು ಹೋಲುತ್ತವೆ, ಹಾಗಾಗಿ ಪ್ರತಿಕಾಯಗಳು ಹೃದಯದ ಮೇಲೂ ತಿರುಗಿಬೀಳುವ ಭಯವಿದೆ. ಅಮೆರಿಕದಲ್ಲಿ ಎಂ ಪ್ರೋಟೀನಿನ ಲಸಿಕೆ ಪಡೆದ ಕೆಲವು ಮಕ್ಕಳಿಗೆ ಹೃದಯಕ್ಕೆ ಹಾನಿ ಮಾಡಬಲ್ಲ ರುಮ್ಯಾಟಿಕ್ ಜ್ವರ ಬಂದದ್ದು 1969ರಲ್ಲಿ ವರದಿಯಾಯಿತು. ಈ ಬ್ಯಾಕ್ಟೀರಿಯಾದ ಅಂಶಗಳಿರುವ ಲಸಿಕೆಗಳ ಮೇಲೆ 1979ರಲ್ಲಿ ಅಲ್ಲಿ ಜಾರಿಯಾದ ನಿಷೇಧ 2006ರವರೆಗೂ ತೆರವಾಗಲಿಲ್ಲ.

ಆದ್ದರಿಂದ ನಾನು ತುದಿಯನ್ನು ಬಿಟ್ಟು, ತಳಿಗಳ ನಡುವೆ ಹೆಚ್ಚು ಬದಲಾಗದ ಸಿ ಭಾಗವನ್ನು ಆರಿಸಿಕೊಂಡೆ. ಆಸ್ಟ್ರೇಲಿಯಾದ ಮೈಕೆಲ್ ಗುಡ್ ಅವರ ತಂಡದ ಜೆ8 ಎಂಬ ಪೆಪ್ಟೈಡ್ (ಪ್ರೋಟೀನಿನ ಗಿಡ್ಡ ತುಣುಕು) ನನಗೆ ಮಾದರಿಯಾಯಿತು. ಅದರಲ್ಲಿ ಎಂ ಪ್ರೋಟೀನಿನ 12 ಅಮೈನೊ ಆಮ್ಲಗಳು ಮಾತ್ರ ಇವೆ. ಅಷ್ಟು ಗಿಡ್ಡ ತುಣುಕು ತನ್ನ ಸುರುಳಿಯ ಆಕಾರವನ್ನು ಉಳಿಸಿಕೊಳ್ಳಲಾರದ ಕಾರಣ ಎರಡೂ ಬದಿಗೆ ಯೀಸ್ಟ್ ಪ್ರೋಟೀನೊಂದರ ಸರಣಿಯನ್ನು ಸೇರಿಸಿ ಅದನ್ನು 28ಕ್ಕೆ ಬೆಳೆಸಲಾಗಿದೆ. ಅದನ್ನು ಡಿಫ್ತೀರಿಯಾ ಟಾಕ್ಸಾಯ್ಡ್‌ಗೆ (ವಿಷ ತೆಗೆದ ಡಿಫ್ತೀರಿಯಾ ಪ್ರೋಟೀನಿಗೆ) ಜೋಡಿಸಿ, ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವ ಅಲಮ್ ಬೆರೆಸಿ ಇಲಿಗಳಿಗೆ ಚುಚ್ಚುವಷ್ಟರಲ್ಲಿ ಸುಲಭದ ಅರ್ಧ ಮುಗಿದಿರುತ್ತದೆ.

ಅಂಟಿಕೊಳ್ಳುವ ಪ್ರತಿಕಾಯವನ್ನು ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಅದರ ಮಟ್ಟ ಸಲೀಸಾಗಿ ಏರುತ್ತದೆ, ಆದರೆ ನಾನು ಆ ಅಂಕಿಯನ್ನಷ್ಟೇ ನಂಬುವುದಿಲ್ಲ. ಪ್ರತಿಕಾಯ ಅಂಟಿಕೊಂಡಿತೆಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯಬೇಕೆಂದೇನಿಲ್ಲ. ಕೊಲ್ಲುವ ಶಕ್ತಿಯನ್ನು ಅಳೆಯಲು, ಬ್ಯಾಕ್ಟೀರಿಯಾವನ್ನು ನುಂಗುವ ಬಿಳಿ ರಕ್ತಕಣವಾದ ನ್ಯೂಟ್ರೊಫಿಲ್‌ನಂತೆ ಮಾಗಿಸಿದ, ಪ್ರಯೋಗಾಲಯದಲ್ಲಿ ಬೆಳೆಸುವ ಎಚ್ಎಲ್-60 ಜೀವಕೋಶಗಳು, ಮರಿ ಮೊಲದ ಸೀರಮ್‌ನಿಂದ ಬರುವ ಕಾಂಪ್ಲಿಮೆಂಟ್ (ಬ್ಯಾಕ್ಟೀರಿಯಾ ಕೊಲ್ಲಲು ಪ್ರತಿಕಾಯಕ್ಕೆ ನೆರವಾಗುವ ರಕ್ತದ ಪ್ರೋಟೀನುಗಳು) ಮತ್ತು ಅದರದೇ ಕಾಂಪ್ಲಿಮೆಂಟ್ ಅಳಿಯುವಂತೆ 56 ಡಿಗ್ರಿಯಲ್ಲಿ ಕಾಯಿಸಿದ, ಲಸಿಕೆ ಪಡೆದ ಇಲಿಯ ಪರೀಕ್ಷಾ ಸೀರಮ್, ಈ ಮೂರನ್ನೂ ಬ್ಯಾಕ್ಟೀರಿಯಾದೊಂದಿಗೆ ಬೆರೆಸಿ, ಉಳಿದದ್ದನ್ನು ರಕ್ತದ ಅಗಾರ್ ಮೇಲೆ ಬೆಳೆಸಿ ಕಾಲೊನಿಗಳನ್ನು ಎಣಿಸುತ್ತಿದ್ದೆ. ತೊಡಕಿರುವುದು ಆ ಎಣಿಕೆಯಲ್ಲೇ. ಈ ಬ್ಯಾಕ್ಟೀರಿಯಾ ಮಣಿಸರದಂತೆ ಬೆಳೆಯುತ್ತದೆ. ಸರ ಎಷ್ಟೇ ಉದ್ದವಿದ್ದರೂ ತಟ್ಟೆಯಲ್ಲಿ ಮೂಡುವುದು ಒಂದೇ ಕಾಲೊನಿ. ಪ್ರತಿಕಾಯಗಳು ಸರಗಳನ್ನು ಇನ್ನಷ್ಟು ಗುಂಪುಗೂಡಿಸಿದಾಗ, ಒಂದು ಬ್ಯಾಕ್ಟೀರಿಯಾವೂ ಸಾಯದಿದ್ದರೂ ಲೆಕ್ಕ ಇಳಿದುಬಿಡುತ್ತದೆ. ಹಾಗಾಗಿ ಕಾಂಪ್ಲಿಮೆಂಟನ್ನು ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್ನೊಂದು ನಳಿಕೆಯನ್ನು ಪ್ರತಿ ಸೀರಮ್‌ಗೂ ಜೊತೆಯಲ್ಲಿಟ್ಟು, ಎರಡರ ವ್ಯತ್ಯಾಸವನ್ನು ಮಾತ್ರ ಪರಿಗಣಿಸುತ್ತಿದ್ದೆ. ಮೊಲದ ಸೀರಮ್‌ನ ಪ್ರತಿಯೊಂದು ಹೊಸ ಬ್ಯಾಚ್ ತಾನಾಗಿಯೇ ತಳಿಯನ್ನು ಕೊಲ್ಲುವುದಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಬೇಸರದ ಕೆಲಸ, ಆದರೂ ಬಿಡುವಂತಿಲ್ಲ.

ಈ ಪರೀಕ್ಷೆಯಲ್ಲಿ ಗೆದ್ದ ಸೀರಮ್ ಮಾತ್ರ ಮುಂದೆ, ಅದು ಮಯೋಸಿನ್ ಮತ್ತು ಹೃದಯದ ಅಂಗಾಂಶಕ್ಕೂ ಅಂಟುತ್ತದೆಯೇ ಎಂಬ ಪರೀಕ್ಷೆಗೆ ಹೋಗುತ್ತಿತ್ತು. ಅದಾದ ಬಳಿಕ, ಹೃದಯದ ಕವಾಟದ ಉರಿಯೂತ ಕಾಣಿಸಿಕೊಳ್ಳಬಲ್ಲ ಲೂಯಿಸ್ ತಳಿಯ ದೊಡ್ಡ ಇಲಿಗಳಿಗೆ ಲಸಿಕೆ ಕೊಟ್ಟು, ಅವುಗಳ ಹೃದಯವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದೆವು.