ಹುಬ್ಬಳ್ಳಿ ಅಂದರೆ ಒಂಬತ್ತು: ಡಿವಿಡಿಗೆ ಹಾಕುವ ಫೈಲಿಗೆ ಹೆಸರಿಡುವುದು ಹೇಗೆ?

ಮದುವೆ ಸೀಸನ್ ಮುಗಿದ ಮೇಲೆ ಡಿವಿಡಿ ಹಿಡಿದು ನಮ್ಮ ಮನೆಗೆ ಬರುವವರು ಜಾಸ್ತಿ. ಧಾರವಾಡದಲ್ಲಿ ಸರಿಯಾಗಿ ಕಂಡ ಫೋಟೊಗಳು ಗದಗಿನ ಬೀಗರ ಮನೆಯಲ್ಲಿ ಅರ್ಧ ಹೆಸರಿನವಾಗಿರುತ್ತವೆ. ಡಿಸ್ಕ್ ಕೆಟ್ಟಿದೆ ಅಂತ ಇನ್ನೊಂದು ಕೊಳ್ಳುತ್ತಾರೆ. ತಪ್ಪು ಇರುವುದು ಹೆಸರಿನಲ್ಲಿ.

1. ಹಾಕಬೇಕಾದ್ದನ್ನೆಲ್ಲ ಒಂದೇ ಫೋಲ್ಡರಿಗೆ ತನ್ನಿ. ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ. ಕಂಪ್ಯೂಟರ್ ಇದನ್ನೇ ಸುಮಾರು 4.38 ಅಂತ ತೋರಿಸುತ್ತದೆ, ಗಾಬರಿ ಬೇಡ.

2. ಈಗ ಹೆಸರು. ಇಲ್ಲಿ ಅವಸರ ಮಾಡಬೇಡಿ.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿ ಹೆಸರಿಡುವ ಮೂಲ ಪದ್ಧತಿ ಐಎಸ್ಒ 9660. ಅದರ ಮೊದಲ ಹಂತದಲ್ಲಿ ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರ 3, ಅಷ್ಟೇ. ಎರಡನೇ ಹಂತದಲ್ಲಿ 31ರವರೆಗೆ ಹೋಗಬಹುದು. ಕನ್ನಡ ಲಿಪಿಗೆ ಎರಡರಲ್ಲೂ ಜಾಗವಿಲ್ಲ. ಅದಕ್ಕೇ ಮೈಕ್ರೋಸಾಫ್ಟ್ ಜೋಲಿಯೆಟ್ ಅನ್ನುವುದನ್ನು ತಂದಿತು. ಅದರಲ್ಲಿ ಕನ್ನಡವೂ ನಡೆಯುತ್ತದೆ, ಮಿತಿ 64.

64 ಸಾಕಲ್ವಾ ಅನ್ನಿಸುತ್ತದೆ. ಆದರೆ ಎಣಿಸುವ ರೀತಿ ಬೇರೆ. ‘ಹುಬ್ಬಳ್ಳಿ’ ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಕೊಂಬು, ಗುಡಿಸು, ಒತ್ತು ಬರುವಲ್ಲಿನ ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ. ಹಾಗಾಗಿ ಅದು ಒಂಬತ್ತು. ಏಳು ಸಲ ಹುಬ್ಬಳ್ಳಿ ಬರೆದರೆ 63 ಆಯಿತು, ಚುಕ್ಕಿ ಇಟ್ಟರೆ 64. ಇದು ಫೋಟೊ ಅಂತ ಹೇಳುವ ಜೆಪೆಗ್ ಅನ್ನುವ ಬಾಲಕ್ಕೆ ಜಾಗವೇ ಇಲ್ಲ!

ಮಿತಿ ದಾಟಿದರೆ ಹೆಸರಿನ ತುದಿ ಕತ್ತರಿಸಿ ಹೋಗುತ್ತದೆ. ನಮ್ಮ ತಂಗಿಯ ಮದುವೆಯಲ್ಲಿ ಸ್ಟುಡಿಯೋದವರು ಉದ್ದ ಹೆಸರಿಟ್ಟು ಕೊನೆಗೆ ನಂಬರ್ ಹಾಕಿದ್ದರು. ನಂಬರುಗಳೇ ಹೋದವು. ಅರಿಶಿನ ಯಾವುದು, ಅಕ್ಷತೆ ಯಾವುದು ಅಂತ ಹುಡುಕುವುದರಲ್ಲೇ ಒಂದು ಸಂಜೆ ಕಳೆಯಿತು. ಆದ್ದರಿಂದ ನಂಬರ್ ಮೊದಲು ಬರಲಿ, 001, 002 ಹೀಗೆ. ಸೊನ್ನೆ ಬಿಟ್ಟರೆ ಕೆಲವು ಪ್ಲೇಯರುಗಳಲ್ಲಿ 2ಕ್ಕಿಂತ ಮುಂಚೆ 10 ಬಂದು ಕೂರುತ್ತದೆ.

: ? * / ಇವು ಬೇಡವೇ ಬೇಡ. ಲಿನಕ್ಸಿನಲ್ಲಿ ‘ಊಟ: ಯಾವಾಗ?’ ಅಂತ ಹೆಸರಿಡಬಹುದು, ವಿಂಡೋಸ್ ಒಪ್ಪುವುದಿಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರದ ವ್ಯತ್ಯಾಸದಿಂದಲೇ ಎರಡು ಫೈಲ್ ಬೇರೆ ಮಾಡುವುದೂ ಬೇಡ. ವಿಂಡೋಸಿಗೆ ಎರಡೂ ಒಂದೇ.

ನಾನು ಹೇಳುವುದು ಇಷ್ಟು: ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಎಲ್ಲ ಸೇರಿ 25ರೊಳಗೆ. ಕನ್ನಡದ ಪೂರ್ತಿ ವಿವರವನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಕನ್ನಡ ಅಕ್ಷರ ಕೆಡದಂತೆ ಉಳಿಸುವ ಯುಟಿಎಫ್-8 ಅನ್ನುವ ವಿಧಾನದಲ್ಲಿ ಉಳಿಸಿ, ಅದೇ ಡಿಸ್ಕಿಗೆ ಹಾಕಿ. ಎಲ್ಲವನ್ನೂ ಜಿಪ್ ಮಾಡಿ ಹಾಕುವ ಅಡ್ಡದಾರಿ ಬೇಡ. ಅಜ್ಜನ ಮನೆಯ ಟಿವಿ ಪ್ಲೇಯರ್ ಅದನ್ನು ಬಿಚ್ಚುವುದಿಲ್ಲ.

3. ಬರ್ನ್ ಮಾಡಿ, ಅಂದರೆ ಡಿಸ್ಕಿಗೆ ಬರೆಯಿರಿ. ವಿಂಡೋಸ್ ಎರಡು ದಾರಿ ಕೇಳುತ್ತದೆ. ಪೆನ್‌ಡ್ರೈವ್ ತರಹ ಅನ್ನುವುದನ್ನು ಆರಿಸಬೇಡಿ, ಹಳೆಯ ಪ್ಲೇಯರುಗಳು ಅದನ್ನು ಓದದೇ ಇರಬಹುದು. ಸಿಡಿ, ಡಿವಿಡಿ ಪ್ಲೇಯರಿಗೆ ಅನ್ನುವುದನ್ನೇ ಒತ್ತಿ. ಒಂದೇ ವಿಡಿಯೊ 4 ಜಿಬಿ ದಾಟಿದ್ದರೆ ಮೊದಲು ತುಂಡು ಮಾಡಿಕೊಳ್ಳಿ.

4. ಬರೆದ ಕಂಪ್ಯೂಟರಿನಲ್ಲಿ ನೋಡಿ ಸುಮ್ನೆ ಕೂರಬೇಡಿ. ಪಕ್ಕದ ಮನೆಯ ಬೇರೆ ಕಂಪ್ಯೂಟರಿನಲ್ಲಿ ಮೊದಲ, ನಡುವಿನ, ಕೊನೆಯ ಫೈಲ್ ತೆರೆಯಿರಿ. ಅಂಟಿಸುವ ಕಾಗದದ ಲೇಬಲ್ ಬೇಡ, ತಿರುಗುವಾಗ ತೂಕ ಒಂದೆಡೆ ವಾಲುತ್ತದೆ. ಡಿಸ್ಕ್ ಮಾರ್ಕರಿನಲ್ಲಿ ತಾರೀಖು ಬರೆದು ಬೀಗರಿಗೆ ಕೊಡಿ.