ಮನೆ ಕಂಪ್ಯೂಟರಿಗೆ ಯಾವ ವೆಬ್ ಸರ್ವರ್ ಹಾಕಿಕೊಳ್ಳಬೇಕು?

ವೆಬ್ ಸರ್ವರ್ ಅಂದರೆ ಬ್ರೌಸರ್ ಕೇಳಿದ ಪುಟಗಳನ್ನು ಕಳಿಸಿಕೊಡುವ ಪ್ರೋಗ್ರಾಂ. ಅದನ್ನು ಆರಿಸುವಾಗ ಮೊದಲು ನೋಡಬೇಕಾದ್ದು ಒಂದೇ. ನಿಮ್ಮದು ಬರೀ ಎಚ್‌ಟಿಎಂಎಲ್ ಪುಟಗಳಾ, ಇಲ್ಲಾ ಹಿಂದೆ ಪಿಎಚ್‌ಪಿ (ಸರ್ವರಿನಲ್ಲೇ ಓಡಿ ಪುಟ ತಯಾರಿಸುವ ಭಾಷೆ), ಡೇಟಾಬೇಸ್ ಎಲ್ಲ ಓಡಬೇಕಾ?

ಬರೀ ಪುಟಗಳಾದರೆ ದೊಡ್ಡದೇನೂ ಬೇಡ. ಪೈಥಾನ್ 3 ಇದ್ದರೆ ಅದರೊಳಗೇ ಒಂದು ಚಿಕ್ಕ ಸರ್ವರ್ ಇದೆ, ಒಂದು ಸಾಲಿನ ಕಮಾಂಡ್ ಕೊಟ್ಟರೆ 8000ನೇ ಪೋರ್ಟಿನಲ್ಲಿ (ಪೋರ್ಟ್ ಅಂದರೆ ಪ್ರೋಗ್ರಾಂ ಸಂಪರ್ಕಕ್ಕೆ ಬಳಸುವ ಬಾಗಿಲಿನ ನಂಬರು ಇದ್ದಂತೆ) ಪುಟ ತೆರೆದುಕೊಳ್ಳುತ್ತದೆ. ಪರೀಕ್ಷೆಗೆ ಸಾಕು.

ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್) ಕಲಿಯುವವರಿಗೆ ನನ್ನ ಓಟು ಕ್ಸ್ಯಾಂಪ್‌ಗೆ. ಈ ಒಂದೇ ಪ್ಯಾಕೇಜಿನಲ್ಲಿ ಅಪಾಚೆ ಅನ್ನೋ ವೆಬ್ ಸರ್ವರ್, ಮರಿಯಾಡಿಬಿ ಅನ್ನೋ ಡೇಟಾಬೇಸ್, ಪಿಎಚ್‌ಪಿ ಮೂರೂ ಒಟ್ಟಿಗೇ ಬರುತ್ತವೆ. ಫೈಲುಗಳನ್ನು ಎಚ್‌ಟಿಡಾಕ್ಸ್ ಫೋಲ್ಡರಿಗೆ ಹಾಕಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಪಾಚೆ ಪಕ್ಕದ ಸ್ಟಾರ್ಟ್ ಒತ್ತಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರಿನ ವಿಳಾಸ) ಅಂತ ಹೊಡೆದು ನೋಡಿ. ಅಪಾಚೆ ಶುರುವಾದ ತಕ್ಷಣ ನಿಂತುಹೋದರೆ 80ನೇ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಂ ಹಿಡಿದಿರಬಹುದು. ವಿಂಡೋಸ್‌ನಲ್ಲಿ ಬಹಳ ಸಲ ಅದು ಐಐಎಸ್, ಅಂದರೆ ಮೈಕ್ರೋಸಾಫ್ಟಿನದೇ ವೆಬ್ ಸರ್ವರ್. ಅದನ್ನು ನಿಲ್ಲಿಸಿ, ಇಲ್ಲಾ ಅಪಾಚೆಯ ಕಾನ್ಫಿಗ್ ಫೈಲಿನಲ್ಲಿ 'ಲಿಸನ್' ಸಾಲಿನ 80 ಅನ್ನು 8080 ಮಾಡಿ, ಆಮೇಲೆ ವಿಳಾಸದ ಕೊನೆಗೂ :8080 ಸೇರಿಸಿ, ಜಾಸ್ತಿ ಜನ ಮರೆತು ಒದ್ದಾಡುವುದು ಇದನ್ನೇ. ಇನ್ನೊಂದು, ಕ್ಸ್ಯಾಂಪ್ ಜೊತೆ ಬರುವ ಡೇಟಾಬೇಸಿನ ರೂಟ್ ಖಾತೆಗೆ (ಎಲ್ಲ ಅಧಿಕಾರ ಇರುವ ಮುಖ್ಯ ಖಾತೆ) ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ, ಹಾಗಾಗಿ ಸುಮ್ನೆ ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡಬೇಡಿ.

ಎಂಜಿನ್‌ಎಕ್ಸ್ ಅನ್ನೋ ಇನ್ನೊಂದು ವೆಬ್ ಸರ್ವರ್ ಹಗುರ, ವೇಗ, ಎಲ್ಲ ಸರಿ. ಆದರೆ ಒಬ್ಬರೇ ಬಳಸುವ ಲ್ಯಾಪ್‌ಟಾಪಿನಲ್ಲಿ ಆ ವೇಗ ಯಾರಿಗೆ ಗೊತ್ತಾಗುತ್ತದೆ, ಅಲ್ವಾ? ಅಪಾಚೆಯ ಎಚ್‌ಟಿಆಕ್ಸೆಸ್ ಫೈಲನ್ನು (ಫೋಲ್ಡರಿನ ಸೆಟ್ಟಿಂಗ್ ಬರೆದಿಡುವ ಫೈಲು) ಅದು ಓದುವುದೂ ಇಲ್ಲ, ಪಿಎಚ್‌ಪಿಯನ್ನು ಬೇರೆಯಾಗಿ ಜೋಡಿಸಬೇಕು. ನಿಮ್ಮ ಹೋಸ್ಟಿಂಗ್‌ನವರು ಅದನ್ನೇ ಬಳಸುತ್ತಿದ್ದರೆ ಮಾತ್ರ ಮನೆಯಲ್ಲೂ ಅದೇ ಇರಲಿ.

ಎಚ್‌ಟಿಟಿಪಿಎಸ್ (ಗುಪ್ತವಾಗಿ ಸಾಗುವ ಸುರಕ್ಷಿತ ಸಂಪರ್ಕ) ಬೇಕು, ತಲೆನೋವು ಬೇಡ ಅನ್ನುವವರು ಕ್ಯಾಡಿ ಅನ್ನೋ ವೆಬ್ ಸರ್ವರ್ ನೋಡಿ. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು ಕ್ಯಾಡಿಯೇ ಮಾಡಿಕೊಳ್ಳುತ್ತದೆ.